ಗಾಳಿ ಎಷ್ಟಿದ್ರೆ ಹಾಯಿದೋಣಿ ಎಷ್ಟು ಓಡತ್ತೆ?

ಕೇಳುಗರಿಗೆ ನಮಸ್ಕಾರ. ಹಾಯಿದೋಣಿ ಅಂದ ತಕ್ಷಣ ಸುಮಾರು ಜನ ಅನ್ಕೊಳ್ಳೋದು, ಗಾಳಿ ಬೆನ್ನಿಗೆ ಬೀಸಿದ್ರೆ ದೋಣಿ ಭರ್ಜರಿಯಾಗಿ ಓಡತ್ತೆ ಅಂತ. ಆದ್ರೆ ಲೆಕ್ಕ ಹಾಕಿ ನೋಡಿ. 10 ನಾಟ್ (ಒಂದು ನಾಟ್ ಅಂದ್ರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಗಾಳಿ ನೇರ ಹಿಂದಿನಿಂದ ಬರ್ತಿದೆ, ದೋಣಿ 6 ನಾಟಲ್ಲಿ ಹೋಗ್ತಿದೆ, ಆಗ ಹಾಯಿಗೆ ತಗಲೋದು ಬರೀ 4 ನಾಟ್ ಗಾಳಿ. ಗಾಳಿಯ ಬಲ ಅದರ ವೇಗದ ವರ್ಗದ ಹಾಗೆ ಏರೋದು ಇಳಿಯೋದು, ಅಂದ್ರೆ 100 ಇದ್ದ ಬಲ 16ಕ್ಕೆ ಬಂತು!

ಅದೇ ಗಾಳಿ ಪಕ್ಕದಿಂದ ಬೀಸಿದ್ರೆ ಕಥೆನೇ ಬೇರೆ. ಗಾಳಿ ಇಲ್ಲದ ದಿನಾನೂ ಬೈಕಲ್ಲಿ ಹೋಗೋವಾಗ ಮುಖಕ್ಕೆ ಗಾಳಿ ಬಡಿಯತ್ತಲ್ಲ, ಹಾಗೆ ದೋಣಿ ಓಡಿದ್ದಕ್ಕೇ ಎದುರಿಂದ 6 ನಾಟ್ ಗಾಳಿ ಹುಟ್ಕೊಳತ್ತೆ, ಎರಡೂ ಸೇರಿ ಹಾಯಿಗೆ ಸಿಗೋದು ಸುಮಾರು 11.7 ನಾಟ್, ಅದೂ ದೋಣಿ ಮೂತಿಯಿಂದ 59 ಡಿಗ್ರಿ ಓರೆಯಾಗಿ. ಈಗ ತೊಡಕು ನೋಡಿ, ದೋಣಿ ವೇಗ ಬದಲಾದ್ರೆ ಈ ಗಾಳಿ ಬದಲಾಗತ್ತೆ, ಗಾಳಿ ಬದಲಾದ್ರೆ ಮತ್ತೆ ವೇಗ ಬದಲಾಗತ್ತೆ. ಒಂದೇ ಸಲಕ್ಕೆ ಉತ್ತರ ಸಿಗಲ್ಲ.

ಇನ್ನು ನೀರು ಸುಮ್ನೆ ಬಿಡಲ್ಲ. ಸಾಮಾನ್ಯ ಭಾರದ ದೋಣಿಯ ವೇಗದ ಮಿತಿಗೆ ಒಂದು ಅಂದಾಜಿದೆ, ನೀರಿಗೆ ತಾಗೋ ಉದ್ದ ಅಡಿಯಲ್ಲಿ ತಗೊಂಡು ಅದರ ವರ್ಗಮೂಲಾನ 1.34ರಿಂದ ಗುಣಿಸಿ. 36 ಅಡಿಗೆ ಸುಮಾರು 8 ನಾಟ್. ಅಲ್ಲಿಗೆ ಬರೋ ಹೊತ್ತಿಗೆ ದೋಣಿ ತಾನೇ ಎಬ್ಬಿಸಿದ ಅಲೆ ತನ್ನಷ್ಟೇ ಉದ್ದ ಆಗಿರತ್ತೆ, ಅದನ್ನ ಹತ್ತಿ ದಾಟೋದು ಭಾರೀ ಕಷ್ಟ.

ಅಮೆರಿಕದ ಎಂಐಟಿ ಅನ್ನೋ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಜಸ್ಟಿನ್ ಕರ್ವಿನ್ 1978ರಲ್ಲಿ ಈ ವೇಗದ ಲೆಕ್ಕಕ್ಕೊಂದು ಕಂಪ್ಯೂಟರ್ ಪ್ರೋಗ್ರಾಂ ವರದಿ ಕೊಟ್ರು. ಬೇರೆ ಬೇರೆ ಸೈಜಿನ ದೋಣಿಗಳು ಒಂದೇ ರೇಸಲ್ಲಿ ಓಡಿದ್ರೆ ನ್ಯಾಯವಾಗಿ ಸಮಯ ಸರಿಹೊಂದಿಸ್ಬೇಕಿತ್ತು. ಪ್ರೋಗ್ರಾಂ ಮಾಡೋದು ಇಷ್ಟೇ: ಒಂದು ವೇಗ ಊಹಿಸತ್ತೆ, ಹಾಯಿಯ ತಳ್ಳೋ ಬಲ, ನೀರಿನ ತಡೆ, ದೋಣಿ ವಾಲಿದ ಕೋನ ಎಲ್ಲ ಲೆಕ್ಕ ಹಾಕತ್ತೆ, ತಳ್ಳೋ ಬಲ, ತಡೆ ಎರಡೂ ಸಮ ಆಗೋವರೆಗೂ ವೇಗನ ತಿದ್ದುತ್ತಾ ಹೋಗತ್ತೆ. ಎಷ್ಟು ಚೆಂದದ ಲೆಕ್ಕ ಅಲ್ವಾ!

ಬರೋ ಉತ್ತರಗಳನ್ನ ಪೋಲಾರ್ ಅನ್ನೋ ದುಂಡನೆಯ ಗ್ರಾಫಲ್ಲಿ ಬರೀತಾರೆ, ಯಾವ ದಿಕ್ಕಿನ ಗಾಳಿಗೆ ಎಷ್ಟು ವೇಗ ಅಂತ. ಗ್ರಾಫ್ 7 ಅಂತಿದೆ, ದೋಣಿ 6 ದಾಟ್ತಿಲ್ಲ ಅಂದ್ರೆ ಮೊದ್ಲು ಹಾಯಿಯ ಹಗ್ಗ ನೋಡಿ, ಆಮೇಲೆ ತಳಕ್ಕೆ ಪಾಚಿ ಹಿಡಿದಿದ್ಯಾ ನೋಡಿ. ಅಲೆ ಜೋರಿದ್ರೆ ಮಾತ್ರ ಗ್ರಾಫನ್ನೇ ಸ್ವಲ್ಪ ಇಳಿಸಿ ಓದ್ಬೇಕು, ಯಾಕಂದ್ರೆ ಸಾಮಾನ್ಯವಾಗಿ ಅದನ್ನ ಬರೆದಿರೋದು ಸಮತಟ್ಟಾದ ನೀರಿಗೆ.