ಜರ್ಮನಿಯ ಲ್ಯಾಬ್‌ನಲ್ಲಿ ಕೆಲಸ ಹುಡುಕುವವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್‌ನಲ್ಲಿ ಸಂಶೋಧನೆ ಮಾಡಬೇಕು ಅಂತಿರುವವರಿಗಾಗಿ ಈ ಮಾತು. ಅಲ್ಲಿ ಪಿಎಚ್.ಡಿ. ಬರೀ ಓದಲ್ಲ. ಹೆಚ್ಚಿನ ಕಡೆ ಅದು ಒಪ್ಪಂದ, ಸಂಬಳ ಎರಡೂ ಇರುವ ನೌಕರಿ. ಹಾಗಾಗಿ ಕಾಲೇಜು ಸೀಟು ಹುಡುಕಿದ ಹಾಗೆ ಹುಡುಕಬೇಡಿ, ಕೆಲಸ ಹುಡುಕಿದ ಹಾಗೆ ಹುಡುಕಿ.

ವಿಶ್ವವಿದ್ಯಾಲಯಗಳ ಹೆಸರನ್ನಷ್ಟೇ ನೋಡಿದರೆ ಅರ್ಧ ಅವಕಾಶ ಕೈತಪ್ಪುತ್ತದೆ. ಹೈಡೆಲ್‌ಬರ್ಗ್‌ನಲ್ಲಿ ಜರ್ಮನ್ ಕ್ಯಾನ್ಸರ್ ಸಂಶೋಧನಾ ಕೇಂದ್ರವಿದೆ. ಡ್ರೆಸ್ಡೆನ್‌ನಲ್ಲಿ ಜೀವಕೋಶಗಳ ಬಗ್ಗೆ ಕೆಲಸ ಮಾಡುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಿದೆ. ಇಂಥ ಕಡೆ ಕೆಲಸ ಸಂಸ್ಥೆಯಲ್ಲಿ, ಡಿಗ್ರಿ ವಿಶ್ವವಿದ್ಯಾಲಯದಿಂದ. ಹಲವು ಸಂಸ್ಥೆಗಳ ಪಿಎಚ್.ಡಿ. ಕಾರ್ಯಕ್ರಮಗಳಿಗೆ ಅರ್ಜಿ ಹಾಕಲು ಕೊನೇ ದಿನಾಂಕ ಇರುತ್ತದೆ. ಅದು ದಾಟಿದರೆ ಮುಂದಿನ ಸುತ್ತಿಗೆ ಕಾಯಬೇಕು. ಒಂದೊಂದು ಲ್ಯಾಬ್ ಬೇರೆಯಾಗಿ ಕರೆಯುವ ಹುದ್ದೆಗಳು ಮಾತ್ರ ವರ್ಷವಿಡೀ ಬರುತ್ತಿರುತ್ತವೆ.

ಈಗ ಜಾಹೀರಾತು ಓದೋಣ. 'ಟಿವಿ-ಎಲ್ ಇ13, 65%' ಅಂತ ಇರುತ್ತದೆ. ಟಿವಿ-ಎಲ್ ಅಂದರೆ ಅಲ್ಲಿನ ರಾಜ್ಯ ನೌಕರರ ವೇತನ ಒಪ್ಪಂದ, ಇ13 ಅದರಲ್ಲಿನ ಒಂದು ಶ್ರೇಣಿ. 65% ಅಂದರೆ ಆ ಸಂಬಳದಲ್ಲಿ ಅಷ್ಟು ಪಾಲು. ಕಾಗದದಲ್ಲಿ ಕೆಲಸದ ಹೊತ್ತೂ ಅಷ್ಟೇ. ಲ್ಯಾಬ್‌ನಲ್ಲಿ ಮಾತ್ರ ಸಾಮಾನ್ಯವಾಗಿ ಇಡೀ ದಿನ ಇರಬೇಕಾಗುತ್ತದೆ. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ, ಆದರೆ ಒಪ್ಪುವ ಮೊದಲು ಗೊತ್ತಿರಲಿ. ಆಸ್ಟ್ರಿಯಾದಲ್ಲಿ ಕನಿಷ್ಠ ಸಂಬಳವನ್ನು ಜಾಹೀರಾತಿನಲ್ಲೇ ಹೇಳಬೇಕೆಂಬ ಕಾನೂನಿದೆ. ಅಲ್ಲಿ ವರ್ಷಕ್ಕೆ 14 ಸಂಬಳ ಕೊಡುವ ರೂಢಿ, ಆದ್ದರಿಂದ ಲೆಕ್ಕವನ್ನು 12ರಿಂದ ಮಾಡಬೇಡಿ.

ಪೋಸ್ಟ್‌ಡಾಕ್ ಆಗಿ, ಅಂದರೆ ಪಿಎಚ್.ಡಿ. ಮುಗಿಸಿದ ಮೇಲೆ ಸಂಶೋಧಕರಾಗಿ ಹೋಗುವವರಿಗೆ ಇನ್ನೊಂದು ಮಾತು. ಜರ್ಮನಿಯ ಕಾನೂನಿನ ಪ್ರಕಾರ ತರಬೇತಿಯ ಹೆಸರಿನಲ್ಲಿ ಕೊಡುವ ತಾತ್ಕಾಲಿಕ ಒಪ್ಪಂದಗಳಿಗೆ ಮಿತಿಯಿದೆ. ಪಿಎಚ್.ಡಿ.ಗೆ ಮೊದಲು 6 ವರ್ಷ, ಆಮೇಲೆ 6 ವರ್ಷ, ವೈದ್ಯಕೀಯದಲ್ಲಾದರೆ 9 ವರ್ಷ. ಈ ಕಾನೂನನ್ನು ಸಮರ್ಥಿಸಲು ಅಲ್ಲಿನ ಶಿಕ್ಷಣ ಮತ್ತು ಸಂಶೋಧನಾ ಸಚಿವಾಲಯ ಒಂದು ವಿಡಿಯೊ ಮಾಡಿಸಿತ್ತು. ಅದರಲ್ಲಿ ಹನ್ನಾ ಎಂಬ ಕಾಲ್ಪನಿಕ ಜೀವಶಾಸ್ತ್ರ ಸಂಶೋಧಕಿ ಇದ್ದಳು. 2021ರಲ್ಲಿ ಸಾವಿರಾರು ಸಂಶೋಧಕರು 'ನಾನೇ ಹನ್ನಾ' ಅಂತ ತಮ್ಮ ಅತಂತ್ರ ಬದುಕನ್ನು ಬರೆದುಕೊಂಡರು. ಕಾಯಂ ಹುದ್ದೆಗಳು ಎಷ್ಟು ಕಡಿಮೆ ಅನ್ನುವುದು ಆಗ ಎಲ್ಲರಿಗೂ ಕಾಣಿಸಿತು.

ಲ್ಯಾಬ್‌ನಲ್ಲಿ ಇಂಗ್ಲಿಷ್ ಸಾಕಾಗುತ್ತದೆ. ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಮಾತಾಡುವ ಕೆಲಸವಾದರೆ ಜರ್ಮನ್ ಬೇಕೇ ಬೇಕು.

ಅರ್ಜಿ ಬರೆಯುವಾಗ ಒಂದೇ ಪತ್ರವನ್ನು ನೂರು ಜನಕ್ಕೆ ಸುಮ್ನೆ ಕಳಿಸಬೇಡಿ. ಆ ಲ್ಯಾಬ್‌ನ ಒಂದೆರಡು ಪ್ರಬಂಧ ಓದಿ. ನೀವು ಕೈಯಾರೆ ಮಾಡಿದ ಕೆಲಸ ಅಲ್ಲಿ ಹೇಗೆ ಹೊಂದುತ್ತದೆ ಅಂತ ಒಂದು ಪ್ಯಾರಾ ಬರೆಯಿರಿ. ಜೀವಕೋಶ ಬೆಳೆಸಿದ್ದೀರಾ, ಡೇಟಾ ವಿಶ್ಲೇಷಣೆ ಬರುತ್ತದಾ, ಸ್ಪಷ್ಟವಾಗಿ ಹೇಳಿ. ಸಂದರ್ಶನದಲ್ಲಿ ನೀವೂ ಕೇಳಿ: ಒಪ್ಪಂದ ಎಷ್ಟು ವರ್ಷಕ್ಕೆ? ಹಣ ಯಾವ ಯೋಜನೆಯದು? ಹಿಂದಿನವರು ಪಿಎಚ್.ಡಿ. ಮುಗಿಸಲು ಎಷ್ಟು ಕಾಲ ಹಿಡಿಯಿತು? ಸಾಧ್ಯವಾದರೆ ಆ ಲ್ಯಾಬ್ ಬಿಟ್ಟು ಹೋದ ಒಬ್ಬರ ಜೊತೆಗೂ ಮಾತಾಡಿ, ಆಮೇಲೆ ಸಹಿ ಹಾಕಿ. ನಮಸ್ಕಾರ.