ಶಾಲು ಸಾಕು, ಸಂಭಾವನೆ ಕೊಡಿ

(ಕೊಡಗಿನ ಸ್ಥಳೀಯ ಕಲಾವಿದರ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ವೇದಿಕೆಯಲ್ಲಿರುವ ಹಿರಿಯರೇ, ಸಂಘಟಕರೇ, ಎದುರು ಕೂತಿರುವ ಕಲಾವಿದ ಬಂಧುಗಳೇ. ಹಿಂದೆ ಬಾಗಿಲ ಹತ್ತಿರ ನಿಂತಿರುವ ವಾಲಗದವರು ದಯವಿಟ್ಟು ಮುಂದೆ ಬನ್ನಿ. ಎರಡನೇ ಸಾಲಿನಲ್ಲಿ ಕುರ್ಚಿ ಖಾಲಿ ಇವೆ. ನೀವು ಕೂತ ಮೇಲೆ ಶುರು ಮಾಡುತ್ತೇನೆ, ಅವಸರವೇನಿಲ್ಲ.

ನನಗೆ ಕೊಟ್ಟಿರುವ ವಿಷಯ ಸ್ಥಳೀಯ ಕಲಾವಿದರಿಗೆ ಅವಕಾಶ ಮತ್ತು ಪ್ರೋತ್ಸಾಹ. ಪ್ರೋತ್ಸಾಹಕ್ಕೆ ನಮ್ಮ ಜಿಲ್ಲೆಯಲ್ಲಿ ಬರ ಇಲ್ಲ. ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ಹಣ್ಣಿನ ಬುಟ್ಟಿ ಕೈಗಿಡುತ್ತೇವೆ, ಫೋಟೋ ತೆಗೆಸುತ್ತೇವೆ. ಒಬ್ಬ ಕಲಾವಿದನ ಮನೆಗೆ ಹೋಗಿ ನೋಡಿ, ಗೋಡೆ ತುಂಬ ಫಲಕಗಳು, ಪೆಟ್ಟಿಗೆ ತುಂಬ ಶಾಲುಗಳು. ಮಗಳ ಕಾಲೇಜು ಫೀಸಿಗೆ ಮಾತ್ರ ಸಂಘದಿಂದ ಸಾಲ. ನಾನು ಹಲವು ಸಮಿತಿಗಳಲ್ಲಿ ಖಜಾಂಚಿಯಾಗಿ ಕೆಲಸ ಮಾಡಿದವನು. ಹಾಗಾಗಿ ಕಲೆಯ ಮಹತ್ವದ ಬಗ್ಗೆ ನನಗಿಂತ ಚೆನ್ನಾಗಿ ಮಾತನಾಡುವವರಿಗೆ ಆ ಭಾಗ ಬಿಟ್ಟು, ನಾನು ದುಡ್ಡಿನ ಮಾತಾಡುತ್ತೇನೆ.

ಯಾವುದೇ ಕಾರ್ಯಕ್ರಮದ ಖರ್ಚಿನ ಪಟ್ಟಿ ತೆಗೆದು ನೋಡಿ. ಮೊದಲು ಶಾಮಿಯಾನ, ಆಮೇಲೆ ಮೈಕ್ ಸೆಟ್ಟು, ಲೈಟು, ಊಟ, ಆಹ್ವಾನ ಪತ್ರಿಕೆ, ಫ್ಲೆಕ್ಸು. ಹೊರಗಿನಿಂದ ಆರ್ಕೆಸ್ಟ್ರಾ ಕರೆಸಿದರೆ ಅದಕ್ಕೆ ಅಡ್ವಾನ್ಸು ಮೊದಲೇ ಹೋಗಿರುತ್ತದೆ. ನಮ್ಮೂರಿನ ಹೆಣ್ಣುಮಕ್ಕಳು ಕುಣಿಯುವ ಉಮ್ಮತ್ತಾಟ್ ತಂಡ, ದುಡಿ ಬಾರಿಸುತ್ತ ದುಡಿಕೊಟ್ಟ್ ಪಾಟ್ ಹಾಡುವ ನಾಲ್ವರು, ಕೊಂಬು ಊದುವವರು ಎಲ್ಲಿದ್ದಾರೆ ಅಂತ ಹುಡುಕಿದರೆ ಕೊನೆಯಲ್ಲಿ 'ಇತರೆ' ಎಂಬ ಸಾಲಿನಲ್ಲಿ ಸಿಗುತ್ತಾರೆ, ಜೀಪಿನ ಬಾಡಿಗೆಯ ಜೊತೆ. ನಮ್ಮವರೇ ಅಲ್ಲವಾ, ಏನೂ ಅಂದುಕೊಳ್ಳುವುದಿಲ್ಲ ಎನ್ನುತ್ತೇವೆ. ಶಾಮಿಯಾನದವನೂ ನಮ್ಮವನೇ. ಅವನಿಗೆ ಹಾಗೆ ಹೇಳಿ ನೋಡಿ.

ಒಂದು ಲೆಕ್ಕ ನಿಮ್ಮ ಮುಂದೆ ಇಡುತ್ತೇನೆ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಬರುವುದು ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ. ತೋಟಗಳಲ್ಲಿ ಕಾಫಿ ಕುಯ್ಯುವ ಕೆಲಸವೂ ಆಗಲೇ ಬಿರುಸಾಗುತ್ತದೆ. ಕುಯ್ಲಿನಲ್ಲಿ ಕಿಲೋ ಲೆಕ್ಕದ ಸಂಬಳ, ಕೈ ಚುರುಕಿದ್ದವರಿಗೆ ವರ್ಷದ ಒಳ್ಳೆಯ ಸಂಪಾದನೆ ಅದೇ. ಅಂಥ ಒಂದು ದಿನ ವಾಲಗದವರು ನಿಮ್ಮ ಕಾರ್ಯಕ್ರಮಕ್ಕೆ ಬಂದರೆ ಆ ದಿನದ ಸಂಬಳ ಹೋಯಿತು. ಬೆಳಿಗ್ಗೆ ಆರಕ್ಕೆ ಹೊರಡಬೇಕು, ಉದ್ಘಾಟಕರು ಹನ್ನೊಂದೂವರೆಗೆ ಬರುತ್ತಾರೆ, ಅಲ್ಲಿವರೆಗೆ ಗೇಟಿನ ಹತ್ತಿರ ನಿಂತಿರಬೇಕು. ಮೆರವಣಿಗೆ ಮುಗಿದ ಮೇಲೆ ಕೊಂಬು, ಚರ್ಮವಾದ್ಯ ಎಲ್ಲ ಬದಿಗಿಟ್ಟು ಊಟಕ್ಕೆ ಕಾಯಬೇಕು. ಊಟಕ್ಕೆ ಅವರನ್ನು ಯಾವಾಗ, ಎಲ್ಲಿ ಕೂರಿಸುತ್ತೇವೆ ಎನ್ನುವುದು ಇಲ್ಲಿರುವ ಎಲ್ಲರಿಗೂ ಗೊತ್ತು. ವಾಲಗ ನುಡಿಸುವ ಸಮುದಾಯಗಳಾದ ಕೆಂಬಟ್ಟಿಯವರು, ಮೇದರು ನುಡಿಸದಿದ್ದರೆ ನಮ್ಮ ಮದುವೆ ಮದುವೆಯಲ್ಲ, ಸಾವಿನ ಮನೆಯ ಕ್ರಮವೂ ಪೂರ್ತಿಯಾಗುವುದಿಲ್ಲ. ಆದರೂ ಅವರ ಎಲೆ ಕೊನೆಯ ಪಂಕ್ತಿಗೆ. ಮೊದಲು ಇದನ್ನು ಸರಿ ಮಾಡಬೇಕು, ಇದಕ್ಕೆ ಯಾವ ಇಲಾಖೆಯ ಅನುದಾನವೂ ಬೇಡ.

ಇನ್ನು ಸಂಭಾವನೆ ಎಷ್ಟು? ನನ್ನ ಅಂದಾಜು ಹೇಳುತ್ತೇನೆ, ಒಪ್ಪದವರು ಆಮೇಲೆ ಜಗಳ ಮಾಡಬಹುದು. ಪ್ರತಿ ಕಲಾವಿದರಿಗೆ ತೋಟದ ಒಂದು ದಿನದ ಸಂಬಳದ ಮೂರು ಪಟ್ಟು. ಒಂದು ಪಟ್ಟು ಅವತ್ತು ಕಳೆದುಕೊಂಡ ಕೆಲಸಕ್ಕೆ, ಇನ್ನೊಂದು ಅದಕ್ಕೆ ಮೊದಲು ಮಾಡಿದ ಅಭ್ಯಾಸಕ್ಕೆ, ಮೂರನೆಯದು ಕಲೆಗೆ. ಜೀಪು ಬಾಡಿಗೆ, ಊಟ ಬೇರೆ. ಕೊಡುವುದು ಅದೇ ದಿನ, ತಂಡದ ಯಜಮಾನರ ಕೈಗೆ ಒಟ್ಟಿಗೆ ಅಲ್ಲ, ಒಬ್ಬೊಬ್ಬರಿಗೂ. ಈಗ ಎಲ್ಲರ ಮನೆಯಲ್ಲೂ ಒಂದು ಫೋನ್‌ಪೇ ಇರುತ್ತದೆ, ಇಲ್ಲದವರಿಗೆ ಕವರಿನಲ್ಲಿ ಹಾಕಿ ಕೊಡಿ. ದುಡ್ಡು ಕಡಿಮೆ ಇದ್ದರೆ ಫ್ಲೆಕ್ಸ್ ಕಡಿಮೆ ಮಾಡಿ.

ಕಲಾವಿದರು ಅಂದಾಗ ಕೊಡವ ಕುಣಿತಗಳಷ್ಟೇ ನೆನಪಾಗುವುದು ನಮ್ಮ ಇನ್ನೊಂದು ಅಭ್ಯಾಸ. 2011ರ ಜನಗಣತಿಯಲ್ಲಿ ಐದೂವರೆ ಲಕ್ಷದಷ್ಟು ಜನ ಇದ್ದ ಪುಟ್ಟ ಜಿಲ್ಲೆ ಇದು. ಇಲ್ಲಿ ಗೌಡರ ಮನೆಮಾತಾದ ಅರೆಭಾಷೆಯ ಹಾಡು ಬೇರೆ, ಯರವರ ಕುಣಿತ ಬೇರೆ, ಜೇನುಕುರುಬರದ್ದು ಬೇರೆ. ದಕ್ಷಿಣ ಕೊಡಗಿನ ದೇವಸ್ಥಾನಗಳಲ್ಲಿ ರಾತ್ರಿಯಿಡೀ ತೆರೆ, ಅಂದರೆ ದೈವದ ವೇಷ, ಕಟ್ಟುತ್ತಾರೆ. ಮಡಿಕೇರಿ ದಸರೆಗೆ ನಾಲ್ಕು ಶಕ್ತಿದೇವತೆಗಳ ಕರಗ ಹೊರುವವರಿದ್ದಾರೆ, ಮೆರವಣಿಗೆಯ ಹತ್ತು ಸ್ತಬ್ಧಚಿತ್ರಗಳಾದ ದಶಮಂಟಪಗಳಿಗೆ ಮೂರ್ತಿ ಮಾಡುವ, ವೆಲ್ಡಿಂಗ್ ಮಾಡುವ, ಬಣ್ಣ ಬಳಿಯುವ ಹುಡುಗರಿದ್ದಾರೆ. ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಗೆ ಬೆಳ್ಳಿ ಕೆಲಸ ಮಾಡುವ ಅಕ್ಕಸಾಲಿಗರನ್ನು ನಾವು ಕಲಾವಿದರು ಅಂತ ಯಾವತ್ತಾದರೂ ವೇದಿಕೆಗೆ ಕರೆದಿದ್ದೇವಾ? ವಿಜಯದಶಮಿಯ ಮಂಟಪಗಳಿಗೆ ಬಹುಮಾನ ಘೋಷಣೆಯಾಗುತ್ತದೆ, ದೇವಸ್ಥಾನ ಸಮಿತಿಯ ಹೆಸರು ಮೈಕಿನಲ್ಲಿ ಕೂಗುತ್ತಾರೆ. ರಾಕ್ಷಸನ ಕೈ ಮೇಲೇಳುವ ಹಾಗೆ ಮಾಡಿದ ಹುಡುಗನ ಹೆಸರನ್ನೂ ಜೊತೆಗೆ ಕೂಗಲಿ. ಮುಂದಿನ ವರ್ಷ ಅವನಿಗೆ ಬೇರೆ ಊರಿನ ಕೆಲಸ ಸಿಕ್ಕೀತು.

2023ರಲ್ಲಿ ರಾಣಿ ಮಾಚಯ್ಯನವರಿಗೆ ಉಮ್ಮತ್ತಾಟ್‌ಗಾಗಿ ಪದ್ಮಶ್ರೀ ಬಂದಾಗ ಜಿಲ್ಲೆಯೆಲ್ಲ ಹೆಮ್ಮೆಪಟ್ಟಿತು. ಅವರಂಥವರು ದಶಕಗಟ್ಟಲೆ ಹೆಣ್ಣುಮಕ್ಕಳಿಗೆ ಕಲಿಸಿದ್ದರಿಂದಲೇ ಆ ಕುಣಿತ ಇವತ್ತು ವೇದಿಕೆಯ ಮೇಲಿದೆ. ಕೈಯಲ್ಲಿ ಕಂಚಿನ ತಾಳ, ನಡುವೆ ಕೊಡ ಹಿಡಿದು ಕಾವೇರಿಯಾಗಿ ನಿಂತವಳು, ಸುತ್ತ ಕುಣಿಯುವವರ ಹೆಜ್ಜೆ ಎಲ್ಲ ಒಂದೇ ತಾಳಕ್ಕೆ ಬೀಳಬೇಕು. ಇದು ವಾಟ್ಸಾಪ್ ವಿಡಿಯೋ ನೋಡಿ ಬರುವ ವಿದ್ಯೆ ಅಲ್ಲ. ದುಡಿ ಹಾಡಿನ ಕಥೆಯೂ ಇದೇ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಹಾಡುಗಳನ್ನು ಬರೆದುಕೊಂಡು 1924ರಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದ್ದರಿಂದ ಪದಗಳು ಉಳಿದವು. ಧಾಟಿ ಕಲಿಯಲು ಮಾತ್ರ ಹಾಡುವವರ ಪಕ್ಕದಲ್ಲೇ ಕೂರಬೇಕು. ಹಾಗಾದರೆ ಕಲಿಸುವವರಿಗೆ ಸಂಬಳ ಕೊಡುವವರು ಯಾರು?

ಇಲ್ಲಿ ಮಳೆಗಾಲದ ವಿಷಯ ಬರುತ್ತದೆ. ನಮ್ಮ ಕಲಾವಿದರ ಕ್ಯಾಲೆಂಡರ್ ನೋಡಿ. ಏಪ್ರಿಲ್, ಮೇ ಮದುವೆಗಳು. ಸೆಪ್ಟೆಂಬರಿನಲ್ಲಿ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್, ಅಕ್ಟೋಬರಿನಲ್ಲಿ ದಸರಾ, ಕಾವೇರಿ ಸಂಕ್ರಮಣ, ಆಮೇಲೆ ಪುತ್ತರಿ. ಜೂನಿನಿಂದ ಆಗಸ್ಟ್‌ವರೆಗೆ ಏನಿದೆ? ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಿ ಮದುವೆ ಇಲ್ಲ, ಹಬ್ಬ ಅಂದರೆ ಹದಿನೆಂಟನೇ ದಿನದ ಮದ್ದುಸೊಪ್ಪಿನ ಪಾಯಸ. ತೋಟದಲ್ಲೂ ಮಳೆ ಜೋರಾದರೆ ಕೆಲಸ ನಿಲ್ಲುತ್ತದೆ. ಸಹಾಯ ಬೇಕಾದದ್ದು ಈ ಮೂರು ತಿಂಗಳಿಗೆ, ನಾವು ಸನ್ಮಾನ ಮಾಡುವುದು ನವೆಂಬರಿನಲ್ಲಿ. ರಾಜ್ಯೋತ್ಸವ ಆಗ ಬರುತ್ತದೆ ಅಂತ.

ಅದೇ ಜೂನಿನಲ್ಲಿ ಶಾಲೆ ಶುರುವಾಗುತ್ತದೆ. ಮಕ್ಕಳಿಗೆ ಹೊರಗೆ ಆಡಲು ಆಗುವುದಿಲ್ಲ, ಆಟದ ಪೀರಿಯಡ್ ಹಾಳಾಗುತ್ತದೆ. ಆ ಪೀರಿಯಡ್ಡಿಗೆ ಊರಿನ ಒಬ್ಬ ಕಲಾವಿದರನ್ನು ವಾರಕ್ಕೆ ಎರಡು ದಿನ ಕರೆಯಿರಿ. ಕೋಲಾಟ, ದುಡಿ, ಬಿದಿರಿನ ಹೆಣಿಗೆ, ಚಿತ್ರ, ಯಾವುದಾದರೂ ಸರಿ. ಹಳೆ ವಿದ್ಯಾರ್ಥಿಗಳ ಸಂಘ ಇಲ್ಲದ ಶಾಲೆ ಕೊಡಗಿನಲ್ಲಿ ಕಡಿಮೆ. ವರ್ಷಕ್ಕೊಮ್ಮೆ ಸೇರಿ ಊಟ ಮಾಡುವ ಖರ್ಚಿನಲ್ಲಿ ಒಬ್ಬರ ಮೂರು ತಿಂಗಳ ಗೌರವಧನ ಬರುತ್ತದೆ. ತಂಜಾವೂರಿನ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರದಲ್ಲಿ ಗುರು-ಶಿಷ್ಯ ಪರಂಪರೆಯ ಯೋಜನೆ ಇದೆ, ಕರ್ನಾಟಕವೂ ಆ ಕೇಂದ್ರದ ವ್ಯಾಪ್ತಿಯಲ್ಲಿದೆ. ಗುರುವಿಗೂ ದುಡ್ಡು, ಕಲಿಯುವವರಿಗೂ ದುಡ್ಡು. ಅರ್ಜಿ ಹಾಕುವವರು ಬೇಕು.

ಅರ್ಜಿ ಅಂದಕೂಡಲೇ ಕೆಲವರ ಮುಖ ಸಣ್ಣದಾಯಿತು. ನಿಜವಾದ ತೊಡಕು ಇರುವುದು ಅಲ್ಲೇ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ 58 ದಾಟಿದ ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಅದಕ್ಕೆ ಇಷ್ಟು ವರ್ಷ ಕಲೆಯಲ್ಲಿ ತೊಡಗಿದ್ದಾರೆ ಅನ್ನುವುದಕ್ಕೆ ದಾಖಲೆ ಕೇಳುತ್ತಾರೆ. ಹದಿನೈದನೇ ವಯಸ್ಸಿನಿಂದ ಕೊಂಬು ಊದಿದ ಮನುಷ್ಯನ ಹತ್ತಿರ ದಾಖಲೆ ಅಂದರೆ ಏನಿರುತ್ತದೆ? ಊರಿನ ಪ್ರತಿ ಮದುವೆಯ ಆಲ್ಬಮ್ಮಿನಲ್ಲೂ ಅವರು ಇದ್ದಾರೆ, ಆದರೆ ಆ ಆಲ್ಬಮ್ ಇರುವುದು ಮದುಮಕ್ಕಳ ಮನೆಯ ಬೀರುವಿನಲ್ಲಿ. ಪತ್ರಿಕೆಯಲ್ಲಿ ವರದಿ ಬಂದರೆ ಉದ್ಘಾಟಕರ ಹೆಸರು, ಅಧ್ಯಕ್ಷರ ಹೆಸರು, ವಂದಿಸಿದವರ ಹೆಸರು, ಕೊನೆಗೆ 'ಜಾನಪದ ತಂಡದಿಂದ ಕಾರ್ಯಕ್ರಮ ನಡೆಯಿತು'.

ಅದಕ್ಕೆ ಒಂದು ನಮೂನೆ ಮಾಡಿ ತಂದಿದ್ದೇನೆ. ಅರ್ಧ ಪುಟದ ಪತ್ರ. ಸಂಸ್ಥೆಯ ಲೆಟರ್‌ಹೆಡ್, ದಿನಾಂಕ, ಸ್ಥಳ, ಕಾರ್ಯಕ್ರಮ ಯಾವುದು, ಕಲಾ ಪ್ರಕಾರ ಯಾವುದು, ತಂಡದ ಪ್ರತಿಯೊಬ್ಬರ ಪೂರ್ತಿ ಹೆಸರು, ಕೊಟ್ಟ ಸಂಭಾವನೆ, ಕಾರ್ಯದರ್ಶಿಯ ಸಹಿ, ಸೀಲು. ಒಬ್ಬರ ಹೆಸರು ಬರೆದು 'ಮತ್ತು ತಂಡ' ಅಂತ ಮುಗಿಸಬೇಡಿ, ಉಳಿದವರಿಗೆ ಆ ಕಾಗದ ಕೆಲಸಕ್ಕೆ ಬಾರದು. ಕಾರ್ಯಕ್ರಮ ಮುಗಿದ ಅರ್ಧ ಗಂಟೆಯಲ್ಲಿ ತಂಡದ ಎಲ್ಲರಿಗೂ ಒಂದೊಂದು ಪ್ರತಿ. ಕೊಡವ ಸಮಾಜ, ಗೌಡ ಸಮಾಜ, ದಸರಾ ಸಮಿತಿ, ದೇವಸ್ಥಾನ ಸಮಿತಿ, ಯುವಕ ಸಂಘ ಎಲ್ಲರೂ ಇದನ್ನು ರೂಢಿ ಮಾಡಿಕೊಂಡರೆ ಹತ್ತು ವರ್ಷದಲ್ಲಿ ಒಬ್ಬೊಬ್ಬರ ಹತ್ತಿರ ಒಂದು ಫೈಲ್ ತುಂಬುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಡಿ. ನಮ್ಮ ಮಳೆಗಾಲದಲ್ಲಿ ಕಾಗದಕ್ಕೆ ಬೂಸ್ಟು ಹಿಡಿಯುವುದು ಹೇಳಬೇಕಾಗಿಲ್ಲ.

ಬಿದಿರು, ಬೆತ್ತದ ಕೆಲಸ ಮಾಡುವವರಿಗೆ, ಕಮ್ಮಾರರಿಗೆ, ಅಕ್ಕಸಾಲಿಗರಿಗೆ ಬೇರೆ ಒಂದು ದಾರಿ ಇದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಇವೂ ಸೇರಿವೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000, ಶೇಕಡ 5ರ ಬಡ್ಡಿಗೆ ಮೊದಲು 1 ಲಕ್ಷ, ಅದು ತೀರಿದರೆ 2 ಲಕ್ಷ ಸಾಲ. ಬುಟ್ಟಿಯನ್ನೂ ಹೆಣೆದು, ವಾಲಗವನ್ನೂ ನುಡಿಸುವ ಮೇದರ ಮನೆಯವರು ಮಾಸಾಶನ, ವಿಶ್ವಕರ್ಮ ಎರಡು ದಾರಿಯಲ್ಲೂ ಅರ್ಹರಾಗಬಹುದು. ಒಂದರಲ್ಲಾದರೂ ಅವರ ಹೆಸರು ಇದೆಯಾ ಅಂತ ಪಂಚಾಯಿತಿ ಸದಸ್ಯರು ವಿಚಾರಿಸಬೇಕು.

ಹಾಡುವವರು ಮಡಿಕೇರಿ ಆಕಾಶವಾಣಿಗೆ ಆಡಿಷನ್ ಕೊಡಿ. ಅಲ್ಲಿ ಗ್ರೇಡ್ ಸಿಕ್ಕಿದರೆ ಅದಕ್ಕೆ ತಕ್ಕ ಸಂಭಾವನೆ, ಜೊತೆಗೆ ಯಾರೂ ಪ್ರಶ್ನೆ ಮಾಡದ ದಾಖಲೆ. ಕೊಡವ ಸಾಹಿತ್ಯ ಅಕಾಡೆಮಿ, 2011ರಲ್ಲಿ ಬಂದ ಅರೆಭಾಷೆ ಅಕಾಡೆಮಿ, ಜಾನಪದ ಅಕಾಡೆಮಿಗಳ ಕಾರ್ಯಕ್ರಮಗಳು ನಿಮಗೆ ಗೊತ್ತಿರುವುದೇ. ಅದನ್ನು ಬೆಳೆಸುವುದಿಲ್ಲ.

ರೆಸಾರ್ಟು, ಹೋಂಸ್ಟೇ ನಡೆಸುವವರು ಇಲ್ಲಿ ಕೆಲವರಿದ್ದೀರಿ, ನಿಮಗೆ ಎರಡು ಮಾತು. ರೂಮಿನ ಗೋಡೆಗೆ ಬೆಂಗಳೂರಿನಲ್ಲಿ ಪ್ರಿಂಟ್ ಹಾಕಿಸಿದ ಯಾವುದೋ ದೇಶದ ಬೆಟ್ಟದ ಚಿತ್ರ ತಂದು ತೂಗುಹಾಕುತ್ತೀರಿ. ಕಿಟಕಿ ತೆಗೆದರೆ ಪುಷ್ಪಗಿರಿಯೋ ತಡಿಯಂಡಮೋಳೋ ಕಾಣುತ್ತದೆ, ಅದನ್ನು ಜಲವರ್ಣದಲ್ಲಿ ಬರೆಯುವ ಹುಡುಗಿ ಪಕ್ಕದ ಊರಿನಲ್ಲಿದ್ದಾಳೆ. ಅವಳ ಚಿತ್ರ ದುಡ್ಡು ಕೊಟ್ಟು ತೆಗೆದುಕೊಳ್ಳಿ. 'ನಮ್ಮಲ್ಲಿ ಇಟ್ಟುಹೋಗು, ಮಾರಾಟವಾದರೆ ನೋಡೋಣ' ಅನ್ನಬೇಡಿ. ಇನ್ನು ಸಂಜೆ ಬೆಂಕಿ ಹಾಕಿ ಅತಿಥಿಗಳ ಮುಂದೆ ಕುಣಿತ ಮಾಡಿಸುವಾಗ, ಆ ತಂಡವನ್ನು ಒದಗಿಸುವ ಏಜೆಂಟನಿಗೆ ಎಷ್ಟು, ಕುಣಿದವರಿಗೆ ಎಷ್ಟು ಅಂತ ಒಮ್ಮೆ ಕುಣಿದವರನ್ನೇ ಕೇಳಿ. ದೊಡ್ಡ ಕಂಪನಿಗಳ ವ್ಯವಸ್ಥಾಪಕರು ಯಾರಾದರೂ ಇದ್ದರೆ ನೆನಪಿಸುತ್ತೇನೆ, 2013ರ ಕಂಪನಿ ಕಾಯ್ದೆಯ ಪ್ರಕಾರ ಸಾಮಾಜಿಕ ಹೊಣೆಗಾರಿಕೆಗೆ ತೆಗೆದಿಡುವ, ಲಾಭದ ಶೇಕಡ 2ರಷ್ಟು ಹಣವನ್ನು ಸಾಂಪ್ರದಾಯಿಕ ಕಲೆ, ಕರಕುಶಲಕ್ಕೂ ಕೊಡಬಹುದು. ಬಸ್ ಸ್ಟ್ಯಾಂಡಿನ ಬೆಂಚಿಗೆ ಮಾತ್ರ ಅಲ್ಲ.

ಮೊಬೈಲಿನ ವಿಷಯ ಒಂದು ಉಳಿಯಿತು. ತೆರೆ ಇರಲಿ, ದೇವರಪುರದ ಕುಂಡೆ ಹಬ್ಬ ಇರಲಿ, ನೂರು ಫೋನು ಮೇಲೇಳುತ್ತವೆ. ಮರುದಿನ ಯೂಟ್ಯೂಬಿನಲ್ಲಿ ಚಾನೆಲ್‌ನವನ ಹೆಸರಿರುತ್ತದೆ, ಕುಣಿದವನದ್ದು ಇಲ್ಲ. ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರಿಗೆ ಹಕ್ಕಿದೆ, ಅದು 50 ವರ್ಷ ಇರುತ್ತದೆ. ಒಪ್ಪಿಗೆ ಕೇಳಿ, ಹೆಸರು ಹಾಕಿ, ದುಡ್ಡು ಬಂದರೆ ಪಾಲು ಕೊಡಿ. ಹರಕೆಗೆ ಕಟ್ಟುವ ತೆರೆಯನ್ನು ಕಟ್ಟುವವರು ಬೇಡ ಅಂದರೆ ಫೋನ್ ಜೇಬಿನಲ್ಲಿರಲಿ.

ಇದೆಲ್ಲ ಆಗುವ ಮಾತಾ ಎಂದು ಕೇಳುವವರಿಗೆ ಕೊಡವ ಕುಟುಂಬಗಳು ತಂಡ ಕಟ್ಟಿ ಆಡುವ ನಮ್ಮ ಕೌಟುಂಬಿಕ ಹಾಕಿ ಸಾಕ್ಷಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ 60 ಕುಟುಂಬಗಳ ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360. ಒಂದೊಂದು ವರ್ಷ ಒಂದೊಂದು ಒಕ್ಕ, ಅಂದರೆ ಮನೆತನ, ಹೊಣೆ ಹೊತ್ತು ಮೈದಾನ, ಗ್ಯಾಲರಿ, ಊಟ ಎಲ್ಲ ನಡೆಸುತ್ತದೆ. ದುಡ್ಡು ಇಲ್ಲದ ಜಿಲ್ಲೆ ಅಲ್ಲ ಇದು. ಹಾಕಿಗೆ ಕುಟುಂಬ ಕೊಡುವ ವಂತಿಗೆಯ ಸಣ್ಣ ಪಾಲನ್ನು ಮಳೆಗಾಲದ ಮೂರು ತಿಂಗಳಿಗೆ ಒಬ್ಬ ಗುರುವಿಗೆ ಅಂತ ಪ್ರತಿ ನಾಡಿನವರು ತೆಗೆದಿಟ್ಟರೆ ಸಾಕು, ಬರುವ ಜೂನಿಗೇ ಶುರು ಮಾಡಬಹುದು.

ಪತ್ರದ ನಮೂನೆಯ ಪ್ರತಿಗಳು ಹಿಂದಿನ ಮೇಜಿನ ಮೇಲಿವೆ. ಮಾಸಾಶನದ ಅರ್ಜಿ ತುಂಬಿಸಿಕೊಡಲು ಇಬ್ಬರು ಕಾಲೇಜು ವಿದ್ಯಾರ್ಥಿಗಳು ಲ್ಯಾಪ್‌ಟಾಪ್ ಹಿಡಿದು ಕೂತಿದ್ದಾರೆ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ತಂದವರು ಮೊದಲು ಹೋಗಿ. ಉಳಿದವರು ಪ್ರಶ್ನೆ ಕೇಳಿ, ಸಂಭಾವನೆಯ ಮೂರು ಪಟ್ಟು ಜಾಸ್ತಿಯಾಯಿತು ಅನ್ನುವವರಿಂದಲೇ ಶುರುವಾಗಲಿ.