ಕಾಯಕ ನಿಂತ ದಿನ ಲಕ್ಕಮ್ಮ ಹೇಳಿದ್ದು

ಎಲ್ಲರಿಗೂ ನಮಸ್ಕಾರ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ನಮ್ಮ ಸಿಂಧನೂರು ಕಡೆ ಯಾರಿಗೂ ಸರಿಯಾಗಿ ನಿದ್ದೆ ಹತ್ತಲಿಲ್ಲ. ಹೊಸ ಗೇಟ್ ಕೂರಿಸಬೇಕು ಅಂದರೆ ಡ್ಯಾಂ ನೀರು ಇಳಿಸಲೇಬೇಕು. ನಮ್ಮ ಕಾಲುವೆಗೆ ಬರಬೇಕಾದ ನೀರು ಕಣ್ಣೆದುರೇ ಹೊಳೆ ಪಾಲಾಗುತ್ತಿತ್ತು. ಅಪ್ಪ ಹೊರಸಿನ ಮೇಲೆ ಕೂತು ಫೋನಿನಲ್ಲಿ ಅದೇ ವಿಡಿಯೋ ಮತ್ತೆ ಮತ್ತೆ ನೋಡುತ್ತಿದ್ದರು. ಮೂರನೇ ದಿನ ಅವ್ವ ಚಹಾ ತಂದಿಟ್ಟು, "ಎಷ್ಟಂತ ಅದನ್ನ ನೋಡ್ತೀರಿ, ಏಳ್ರಿ, ಹೊಲದ ಕಡೆ ಹೋಗಿ ಬರ್ರಿ" ಅಂದಳು.

ಥಟ್ಟನೆ ನನಗೆ ಆಯ್ದಕ್ಕಿ ಲಕ್ಕಮ್ಮನ ವಚನ ನೆನಪಾಯಿತು.

(ತೆರೆಯ ಮೇಲೆ: "ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ")

ಲಕ್ಕಮ್ಮ ನಮ್ಮ ಜಿಲ್ಲೆಯವಳೇ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಅವಳ ಊರು ಅಂತ ಹೇಳುತ್ತಾರೆ. 12ನೇ ಶತಮಾನದಲ್ಲಿ ಗಂಡ ಮಾರಯ್ಯನ ಜೊತೆ ಕಲ್ಯಾಣಕ್ಕೆ ಹೋದಳು. ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಶರಣರ ಮಾತು ಕೇಳುತ್ತಾ ಕೂತುಬಿಟ್ಟ, ಕೆಲಸ ಮರೆತ. ಆಗ ಲಕ್ಕಮ್ಮ ಅಂದ ಮಾತು ಇದು: ಕೆಲಸ ನಿಂತಿದೆ, ಹೋಗು.

ಇದರಲ್ಲಿ ಸಮಾಧಾನದ ಒಂದು ಮಾತೂ ಇಲ್ಲ ನೋಡಿ. ಎಲ್ಲ ಸರಿಹೋಗುತ್ತದೆ ಅಂತ ಅವಳು ಹೇಳುವುದಿಲ್ಲ. "ತಿಪ್ಪೆಯ ತಪ್ಪಲ ಅಕ್ಕಿಯ" ತಂದು ಮಾಡಬೇಕು ಅನ್ನುತ್ತಾಳೆ, ಅಂದರೆ ತಿಪ್ಪೆಯ ಬುಡದಲ್ಲಿ ಬಿದ್ದ ಅಕ್ಕಿ. ನಮ್ಮಲ್ಲಿ ಮಿಲ್ಲಿನ ಮುಂದೆ ಲಾರಿಯಿಂದ ಉದುರಿದ ಅಕ್ಕಿಯನ್ನು ಗುಡಿಸಿ, ಮೊರದಲ್ಲಿ ಕೇರಿ, ಕಲ್ಲು ಆರಿಸಿ ಸೆರಗಿಗೆ ಕಟ್ಟಿಕೊಳ್ಳುವ ಹೆಂಗಸರನ್ನು ನಾನು ನೋಡಿದ್ದೇನೆ. ಆ ಬೆರಳುಗಳನ್ನು ನೋಡಿದ ಮೇಲೆ ಈ ಸಾಲು ಬೇರೆಯದೇ ಥರ ಕೇಳಿಸುತ್ತದೆ. ಕಷ್ಟ ಬಂದಾಗ ಮೊದಲು ಮರಗಟ್ಟುವುದು ಕೈ ಅಲ್ವಾ? ಲಕ್ಕಮ್ಮ ಆ ಕೈಗೆ ಇವತ್ತು ಮಾಡುವಷ್ಟು ಸಣ್ಣದೊಂದು ಕೆಲಸ ಕೊಡುತ್ತಾಳೆ, ಅದೂ "ಬೇಗ ಹೋಗು" ಅಂತ ಅವಸರ ಮಾಡಿ.

ಇಷ್ಟೇ ಆಗಿದ್ದರೆ ನಾನು ಈ ವಿಡಿಯೋ ಮಾಡುತ್ತಿರಲಿಲ್ಲ. ಇನ್ನೊಂದು ಕಥೆ ಇದೆ. ಬಸವಣ್ಣ ಪರೀಕ್ಷೆ ಮಾಡಲು ಒಂದು ದಿನ ಜಾಸ್ತಿ ಅಕ್ಕಿ ಚೆಲ್ಲಿಸಿದನಂತೆ. ಮಾರಯ್ಯ ಅಷ್ಟನ್ನೂ ಆಯ್ದು ತಂದ. ಲಕ್ಕಮ್ಮ ಒಳಗೆ ತಗೊಳ್ಳಲಿಲ್ಲ. ಎದ್ದು ಹೋಗು ಅಂದವಳೇ ಈಗ, ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ, ಆಸೆ ಇರುವುದು ಅರಸನಿಗೆ ಅಂತ ಒಂದು ವಚನ ಹೇಳಿ, ವಾಪಸ್ ಹಾಕಿ ಬಾ ಅಂತ ಕಳಿಸಿದಳು.

ಬಡವರಿಗೆ ಆಸೆ ಬೇಡ ಅನ್ನುವುದು ಸುಲಭ ಅಂತ ಮೊದಲು ನನಗೆ ಸಿಟ್ಟು ಬಂದಿತ್ತು. ಆದರೆ ಹೇಳುತ್ತಿರುವವಳು ಉಳ್ಳವಳಲ್ಲ, ಅದೇ ಒಲೆಯ ಮುಂದೆ ಕೂತವಳು. ಅಲ್ಲದೆ ಆಸೆಯನ್ನು ಅವಳು ಯಾರ ತಲೆಗೆ ಕಟ್ಟುತ್ತಾಳೆ ಗಮನಿಸಿ, ನೇರವಾಗಿ ಅರಸನ ತಲೆಗೆ.

ಡ್ಯಾಮಿಗೆ ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಕೂತಿತು. ಕೂತಿದ್ದೇ ತಡ, ಎಲ್ಲರೂ ಗೊಬ್ಬರದ ಅಂಗಡಿಗೆ ಓಡಿದೆವು. ಮುಂದೆ ಸಿಗದಿದ್ದರೆ ಅನ್ನುವ ಭಯಕ್ಕೆ ನಾನೂ ನಾಲ್ಕು ಚೀಲ ಯೂರಿಯಾ ಜಾಸ್ತಿ ತಂದು ಪಡಸಾಲೆಯಲ್ಲಿ ಒಟ್ಟಿದೆ. ಸಂಜೆ ಅದೇ ಚೀಲದ ಮೇಲೆ ಕೂತು ಲಕ್ಕಮ್ಮನ ಆ ವಚನ ಓದಿದೆ.

(ನಿಧಾನವಾಗಿ ಓದುವುದು)

"ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ? ರೋಷವೆಂಬುದು ಯಮದೂತರಿಗಲ್ಲದೆ ಅಜಾತರಿಗುಂಟೆ ಅಯ್ಯಾ? ಈಸಕ್ಕಿಯಾಸೆ ನಿಮಗೇಕೆ?"

ಮರುದಿನ ಆ ನಾಲ್ಕೂ ಚೀಲ, ತಂದ ರೇಟಿಗೇ, ಪಕ್ಕದ ಹೊಲದವರ ಟ್ರ್ಯಾಕ್ಟರ್ ಏರಿದವು.